ಬೆನ್ನ ಮೇಲಿನ ಹಸಿರು, ಹೊಟ್ಟೆಯೊಳಗಿನ ಬೆಳಕು

ಹೆಸರಿನಲ್ಲಿ ಬಿಸಿಲಿದ್ದರೂ ಮಳೆಗಾಲದ ಬಿಸಿಲೆಯಲ್ಲಿ ಬಿಸಿಲು ಕಾಣುವುದು ಅಪರೂಪ. ಸಕಲೇಶಪುರದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಈ ಘಾಟಿಯಲ್ಲಿ ಆಗ ಮಂಜು, ಜಿಗಣೆ, ಒಣಗದ ಬಟ್ಟೆಗಳದ್ದೇ ರಾಜ್ಯ. ಅದಕ್ಕೂ ಸ್ವಲ್ಪ ಮುಂಚೆ, ಕಾಫಿಯ ಹೂಮಳೆ ಮುಗಿದು ಮೇ ತಿಂಗಳ ಗುಡುಗುಮಳೆಗೆ ನೆಲ ನೆಂದಾಗ, ಹಳ್ಳದ ಬದಿಯ ಪೊದೆಗಳಲ್ಲಿ ಮಿಣುಕುಹುಳಗಳು ಹೊತ್ತಿಕೊಳ್ಳುತ್ತವೆ. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು.

ಈ ಮಿಣುಕುಹುಳವೂ ಒಂದು ದುಂಬಿ. ಹೀಗೆಂದ ಕೂಡಲೇ ಕನ್ನಡದಲ್ಲೊಂದು ತೊಡಕು. ದುಂಬಿ ಎಂದರೆ ಕವಿಗಳಿಗೆ ಹೂವಿನ ಸುತ್ತ ಝೇಂಕರಿಸುವ ಭ್ರಮರ. ಜೀರುಂಡೆ ಎಂದರೆ ಮಲೆನಾಡಿನವರಿಗೆ ಮರದಲ್ಲಿ ಕೂತು ಕಿವಿಗಡಚಿಕ್ಕುವ ಹುಳ. ಇಲ್ಲಿ ಹೇಳುತ್ತಿರುವುದು ಎರಡನ್ನೂ ಅಲ್ಲ, ಬೆನ್ನಿಗೆ ಚಿಪ್ಪು ಹೊತ್ತ ಹುಳಗಳ ಸಂಗತಿ.

ಆ ಚಿಪ್ಪು ನಿಜಕ್ಕೂ ರೆಕ್ಕೆಯೇ. ದುಂಬಿಗೆ ನಾಲ್ಕು ರೆಕ್ಕೆ. ಮುಂದಿನ ಜೋಡಿ ಗಟ್ಟಿಯಾಗಿ ಮುಚ್ಚಳವಾಗಿದೆ, ಹಿಂದಿನ ತೆಳು ಜೋಡಿ ಅದರಡಿ ಮಡಚಿಕೊಂಡಿರುತ್ತದೆ. ಹಾರುವಾಗ ಮುಚ್ಚಳ ಎತ್ತಿ ಒಳರೆಕ್ಕೆ ಬಿಚ್ಚಬೇಕು. ಈ ಕವಚವಿರುವುದರಿಂದಲೇ ತೊಗಟೆಯ ಸಂದಿ, ಸಗಣಿ, ಮಣ್ಣು ಎಲ್ಲಿ ನುಗ್ಗಿದರೂ ರೆಕ್ಕೆ ಹರಿಯುವುದಿಲ್ಲ. ಇದುವರೆಗೆ ಹೆಸರಿಟ್ಟ ದುಂಬಿ ಜಾತಿಗಳೇ ಸುಮಾರು 4 ಲಕ್ಷ. ಎಲ್ಲವೂ ಚೆಲುವೆಯರಲ್ಲ. ಸಕಲೇಶಪುರದ ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕವೂ ದುಂಬಿಯೇ. ಕಪ್ಪು ಮೈ, ಬಿಳಿ ಪಟ್ಟೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟರೆ ಮರಿ ಕಾಂಡದೊಳಗೇ ಸುರಂಗ ಕೊರೆಯುತ್ತದೆ. ಅಂಥ ಗಿಡವನ್ನು ಕಿತ್ತು ಸುಡುವುದೇ ದಾರಿ.

ಚೆಲುವಿನ ಮಾತು ಬಂದರೆ ಜೀರ್ಜಿಂಬೆ. ಬಯಲುಸೀಮೆಯ ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಹುಳ. ಅದರಂಥ ರತ್ನದುಂಬಿಗಳ ಮೈಮೇಲಿನ ಲೋಹದ ಹೊಳಪಿನ ಹಸಿರು ಯಾವ ಬಣ್ಣದ ಪುಡಿಯಿಂದಲೂ ಬಂದದ್ದಲ್ಲ. ಚಿಪ್ಪಿನ ಮೇಲ್ಭಾಗದಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಪ್ರತಿ ಪದರದಿಂದ ಮರಳುವ ಬೆಳಕು ಒಂದಕ್ಕೊಂದು ಕೂಡಿ ಹಸಿರು ಹೆಚ್ಚುತ್ತದೆ, ಉಳಿದ ಬಣ್ಣಗಳು ಸೊರಗುತ್ತವೆ. ಒದ್ದೆ ರಸ್ತೆಗೆ ಚೆಲ್ಲಿದ ಡೀಸೆಲ್ ಕಾಮನಬಿಲ್ಲಾಗುವುದೂ ಇದೇ ಬಗೆಯ ಆಟ. ಪದರಗಳು ಪುಡಿಯಾಗುವಂತೆ ಅರೆದರೆ ಹಸಿರು ಮಾಯ. ಅರೆಯದೆ ಬಿಟ್ಟರೆ? ಜರ್ಮನಿಯ ಮೆಸೆಲ್‌ನಲ್ಲಿ ಸಿಕ್ಕ, ಸುಮಾರು 4.7 ಕೋಟಿ ವರ್ಷ ಹಳೆಯ ದುಂಬಿಗಳಲ್ಲಿ ನೀಲಿ, ಹಸಿರು ಇನ್ನೂ ಮಿನುಗುತ್ತಿವೆ. ಜಮ್ಮು ಕಡೆಯ ಬಸೋಹ್ಲಿಯ ಚಿತ್ರಕಾರರು ರತ್ನದುಂಬಿಗಳ ರೆಕ್ಕೆಚೂರುಗಳನ್ನೇ ಪಚ್ಚೆಕಲ್ಲಿನ ಬದಲಿಗೆ ಚಿತ್ರದ ಒಡವೆಗಳಿಗೆ ಅಂಟಿಸಿದರು.

ಮಿಣುಕುಹುಳದ ಮೈಯಲ್ಲಿ ಇಂಥ ವೈಭವವೇನೂ ಇಲ್ಲ. ಮೆತ್ತಗಿನ ಚಿಪ್ಪು, ಮಂಕು ಕಂದು. ಅದರ ಬಂಡವಾಳವೆಲ್ಲ ಹೊಟ್ಟೆಯ ತುದಿಯಲ್ಲಿ. ಅಲ್ಲಿನ ಚರ್ಮ ಗಾಜಿನಂತೆ ತಿಳಿ. ಅದರೊಳಗೆ ಬೆಳಕಿನ ಕೋಶಗಳು. ಅವುಗಳ ಹಿಂದೆ ಟಾರ್ಚಿನ ಕನ್ನಡಿಯಂತೆ ಬೆಳಕನ್ನು ಹೊರಗೆ ತಳ್ಳುವ ಬಿಳಿ ಪದರ. ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಸೇರಿದಾಗ ಬೆಳಕು ಹೊಮ್ಮುತ್ತದೆ, ಕೈ ಸುಡುವ ಬಿಸಿಯಿಲ್ಲ. ಇದಕ್ಕೆ ಜೀವಕೋಶದ ಇಂಧನವಾದ ಎಟಿಪಿ ಬೇಕೇಬೇಕೆಂದು 1947ರಲ್ಲಿ ತೋರಿಸಿದವರು ಅಮೆರಿಕದ ವಿಲಿಯಂ ಮ್ಯಾಕೆಲ್ರಾಯ್. ಪ್ರಯೋಗಕ್ಕೆ ಹುಳ ಹಿಡಿದು ತರಲು ಅವರು ಮಕ್ಕಳಿಗೆ ಕಾಸು ಕೊಡುತ್ತಿದ್ದರು. ನೂರು ಅಣು ಉರಿದರೆ ಹೆಚ್ಚುಕಡಿಮೆ 88 ಬೆಳಕಿನ ಕಣ ಬರುತ್ತವೆಂಬ ಹಳೆಯ ಲೆಕ್ಕವನ್ನು 2008ರಲ್ಲಿ ಜಪಾನಿನ ವಿಜ್ಞಾನಿಗಳು ಮತ್ತೆ ಅಳೆದು 41ಕ್ಕೆ ಇಳಿಸಿದರು. ಆದರೂ ಕಡಿಮೆ ಸಾಧನೆಯಲ್ಲ.

ಗಂಡು ಹಾರುತ್ತ ಮಿಣುಕುತ್ತದೆ, ಹೆಣ್ಣು ಹುಲ್ಲಿನ ಮೇಲೆ ಕೂತು ಉತ್ತರ ಕೊಡುತ್ತದೆ. ಪಶ್ಚಿಮಘಟ್ಟದ ಲ್ಯಾಂಪ್ರಿಜೆರಾ ಎಂಬ ದೊಡ್ಡ ಜಾತಿಯ ಹೆಣ್ಣಿಗಂತೂ ರೆಕ್ಕೆಯೇ ಇಲ್ಲ; ಮರಿಹುಳದಂತೆ ನೆಲದಲ್ಲೇ ತೆವಳುತ್ತ ಬೆಳಗುತ್ತದೆ. ಮಿಣುಕುಹುಳದ ಮರಿಗಳಿಗೂ ಬೆಳಕುಂಟು. ತರಗೆಲೆಯಡಿ ಬಸವನಹುಳಗಳನ್ನು ತಿಂದು ತಿಂಗಳುಗಟ್ಟಲೆ ಬೆಳೆಯುವ ಇವುಗಳಿಗೆ ರೆಕ್ಕೆ ಮೂಡಿದ ಮೇಲಿನ ಆಯಸ್ಸು ಕೆಲವೇ ವಾರ. ಅಷ್ಟರೊಳಗೆ ಜೋಡಿ ಸಿಗಬೇಕು, ಅದೂ ಕತ್ತಲಲ್ಲಿ. ಹೋಂಸ್ಟೇಯ ಫ್ಲಡ್‌ಲೈಟ್ ಎದುರು ಹೆಣ್ಣಿನ ಉತ್ತರ ಗಂಡಿಗೆ ಕಾಣುವುದಿಲ್ಲ. ಮೇ, ಜೂನ್‌ನಲ್ಲಿ ಬಿಸಿಲೆಗೆ ಹೋಗುವವರು ಸಂಜೆ ಏಳರ ಮೇಲೆ ಜಗಲಿಯ ದೀಪ ಆರಿಸಿ, ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಲಿ.