ನಾಚಿಕೆ ಚಟ ಬಿಡಿಸುವುದಿಲ್ಲ

ಮಾದಕ ವಸ್ತುವಿನ ಹಿಂದೆ ಬಿದ್ದವನನ್ನು ಊರಿನವರು ‘ಮಾನ, ಮರ್ಯಾದೆ, ನಾಚಿಕೆ ಮೂರನ್ನೂ ಬಿಟ್ಟವನು’ ಎನ್ನುತ್ತಾರೆ. ನಾಚಿಕೆಯಾಗುವಂತೆ ನಾಲ್ಕು ಮಾತು ಬೈದರೆ ದಾರಿಗೆ ಬಂದಾನು ಎಂದು ಮನೆಯವರೂ ನಂಬಿರುತ್ತಾರೆ. ಕಳೆದ ಎರಡು ದಶಕಗಳ ಸಂಶೋಧನೆ ಹೇಳುತ್ತಿರುವುದು ಬೇರೆಯೇ. ಇಂಥವರಲ್ಲಿ ಅನೇಕರಿಗೆ ನಾಚಿಕೆ ಕಡಿಮೆಯಾಗಿರುವುದಿಲ್ಲ, ವಿಪರೀತವಾಗಿರುತ್ತದೆ. ಆ ನಾಚಿಕೆಯೇ ಅವರನ್ನು ಚಿಕಿತ್ಸೆಯಿಂದ ದೂರ ಇಡುತ್ತದೆ.

ಜಗತ್ತು ಇವರನ್ನು ಎಷ್ಟು ಕೀಳಾಗಿ ನೋಡುತ್ತದೆ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 14 ದೇಶಗಳಲ್ಲಿ ನಡೆಸಿದ ಅಧ್ಯಯನವೊಂದು ಸಾಕ್ಷಿ. ಸಮಾಜ ಯಾವ ಸ್ಥಿತಿಯನ್ನು ಅತಿ ಹೆಚ್ಚು ತಿರಸ್ಕಾರದಿಂದ ಕಾಣುತ್ತದೆ ಎಂದು 18 ಸ್ಥಿತಿಗಳನ್ನು ಮುಂದಿಟ್ಟು ಕೇಳಲಾಗಿತ್ತು. 2001ರಲ್ಲಿ ಪ್ರಕಟವಾದ ಉತ್ತರದಲ್ಲಿ ಮಾದಕ ವ್ಯಸನಕ್ಕೆ ಮೊದಲ ಸ್ಥಾನ, ಮದ್ಯವ್ಯಸನಕ್ಕೆ ನಾಲ್ಕನೆಯದು.

ಹೊರಗಿನ ಈ ತಿರಸ್ಕಾರ ಒಳಗೆ ಇಳಿದು ಮನೆ ಮಾಡಿಕೊಂಡರೆ ಅದು ಸ್ವ-ಕಳಂಕ. ಇದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಗೆಯನ್ನು ಅಮೆರಿಕದ ಮನೋವಿಜ್ಞಾನಿ ಪ್ಯಾಟ್ರಿಕ್ ಕಾರಿಗನ್ ವಿವರಿಸಿದ್ದಾರೆ. ಮೊದಲು, ‘ಜನ ಇಂಥವರನ್ನು ನಂಬುವುದಿಲ್ಲ’ ಎಂಬುದು ಗೊತ್ತಾಗುತ್ತದೆ. ಆಮೇಲೆ, ‘ಜನ ಹೇಳುವುದು ಸರಿಯೇ’ ಎಂದು ಮನಸ್ಸು ಒಪ್ಪುತ್ತದೆ. ಮೂರನೆಯದಾಗಿ, ‘ನಾನೂ ಅಂಥವನೇ’ ಎಂದು ತನಗೆ ಅಂಟಿಸಿಕೊಳ್ಳುತ್ತದೆ. ಕೊನೆಗೆ ಸ್ವಾಭಿಮಾನ ಕುಸಿದು, ‘ಇಷ್ಟಾದ ಮೇಲೆ ಪ್ರಯತ್ನಪಟ್ಟು ಏನು ಪ್ರಯೋಜನ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇದರ ಪರಿಣಾಮ ಜೀವಕ್ಕೇ ಮುಟ್ಟಬಹುದು. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳು ಪ್ರಮಾಣ ಮೀರಿದರೆ ಉಸಿರಾಟವನ್ನು ನಿಧಾನಗೊಳಿಸಿ ನಿಲ್ಲಿಸುತ್ತವೆ. ನಲಾಕ್ಸೋನ್ ಎಂಬ ಔಷಧವನ್ನು ಬೇಗ ಕೊಟ್ಟರೆ ಉಸಿರು ಮರಳುತ್ತದೆ. ಆದರೆ ಕೊಡಲು ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ನಾಚಿಕೆಪಟ್ಟವನು ಬಾಗಿಲು ಹಾಕಿಕೊಂಡು ಒಬ್ಬನೇ ತೆಗೆದುಕೊಳ್ಳುತ್ತಾನೆ. ಕೆಲವು ವಾರ ಬಿಟ್ಟು ಮತ್ತೆ ಶುರು ಮಾಡಿದವರಿಗೆ ಅಪಾಯ ಇನ್ನೂ ಹೆಚ್ಚು: ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವೇ ಪ್ರಾಣಕ್ಕೆ ಎರವಾಗಬಹುದು. ಮರಳಿ ಜಾರಿದ್ದನ್ನು ಯಾರಿಗೂ ಹೇಳಲಾಗದ ಅವಮಾನ ಸುಡುವುದೂ ಆ ಹೊತ್ತಿನಲ್ಲೇ.

ಭಾರತದ ಚಿತ್ರ ಇದಕ್ಕಿಂತ ಹಗುರವಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ 2019ರ ವರದಿಯ ಪ್ರಕಾರ, ಅಕ್ರಮ ಮಾದಕ ವಸ್ತುಗಳಿಗೆ ಅವಲಂಬಿತರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಎಂದಾದರೂ ಆಸ್ಪತ್ರೆಯಲ್ಲಿದ್ದು ಪಡೆಯುವ ಚಿಕಿತ್ಸೆ ಸಿಕ್ಕಿದೆ. ಕೇಂದ್ರಗಳ ಕೊರತೆ, ಖರ್ಚು, ಪೊಲೀಸರ ಭಯ ಎಲ್ಲವೂ ಇದಕ್ಕೆ ಕಾರಣ. ಬಾಗಿಲವರೆಗೆ ಬಂದು ‘ಯಾರಾದರೂ ನೋಡಿದರೆ?’ ಎಂದು ಹಿಂತಿರುಗಿಸುವ ನಾಚಿಕೆಯೂ ಈ ಪಟ್ಟಿಯಲ್ಲಿದೆ.

ಒಳಗಿಳಿದ ಕಳಂಕವನ್ನು ಸಡಿಲಿಸಲು ಸಾಧ್ಯವೇ? ಅಮೆರಿಕದಲ್ಲಿ ಜೇಸನ್ ಲುವೊಮಾ ಮತ್ತು ಸಂಗಡಿಗರು ವಸತಿ ಚಿಕಿತ್ಸಾ ಕೇಂದ್ರದಲ್ಲಿದ್ದ 133 ಜನರ ಮೇಲೆ ನಡೆಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಭಾಗವಾಗಿ ಒಟ್ಟು ಆರು ಗಂಟೆಗಳ ಕಾಲ ‘ಸ್ವೀಕಾರ ಮತ್ತು ಬದ್ಧತೆ’ ಎಂಬ ಮನೋಚಿಕಿತ್ಸೆ. ಚಿಕಿತ್ಸೆ ಮುಗಿದ ಕೂಡಲೇ ನೋಡಿದಾಗ ನಾಚಿಕೆ ಹೆಚ್ಚು ಇಳಿದಿದ್ದು ಮಾಮೂಲಿ ಗುಂಪಿನಲ್ಲಿ! ನಾಲ್ಕು ತಿಂಗಳ ನಂತರ ಲೆಕ್ಕ ತಿರುಗಿತ್ತು. ಎರಡನೆಯ ಗುಂಪಿನಲ್ಲಿ ನಾಚಿಕೆ ಹೆಚ್ಚು ಇಳಿದಿತ್ತು, ವಸ್ತು ಬಳಸಿದ ದಿನಗಳೂ ಕಡಿಮೆಯಿದ್ದವು. ನಿಧಾನವಾಗಿ ಬಂದ ಸಮಾಧಾನವೇ ಉಳಿದುಕೊಂಡಿತ್ತು.

ಆರು ಗಂಟೆ ಮುಗಿಸಿ ಮನೆಗೆ ಹೋದವನಿಗೆ ‘ನಾನು ಯಾವುದಕ್ಕೂ ಬಾರದವನು’ ಎಂಬ ಯೋಚನೆ ಬರುವುದು ರಾತ್ರಿ ಹನ್ನೊಂದಕ್ಕೆ. ಆಗ ಆಪ್ತಸಮಾಲೋಚಕರು ಎದುರಿಗಿರುವುದಿಲ್ಲ, ಮೊಬೈಲ್ ಇರುತ್ತದೆ. ಈ ಮನೋಚಿಕಿತ್ಸೆಯ ತಿರುಳನ್ನು ಚಿಕ್ಕ ಚಿಕ್ಕ ಮೆಸೇಜುಗಳಾಗಿ ಕಳಿಸಿದರೆ ಹೇಗೆ ಎಂಬ ವಿಚಾರ ಹುಟ್ಟುವುದು ಇಲ್ಲೇ.

ಎಂಥ ಮೆಸೇಜು? ‘ನೀವು ಅದ್ಭುತ ವ್ಯಕ್ತಿ, ನಿಮ್ಮಿಂದ ಎಲ್ಲವೂ ಸಾಧ್ಯ!’ ಎಂಬುದು ಮೊದಲು ಹೊಳೆಯುತ್ತದೆ. ಅದು ತಿರುಗುಬಾಣವಾಗಬಹುದು. ಕೆನಡಾದ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಸ್ವಾಭಿಮಾನ ಕುಗ್ಗಿದವರು ಇಂಥ ಹೊಗಳಿಕೆಯ ವಾಕ್ಯವನ್ನು ತಮಗೆ ತಾವೇ ಹೇಳಿಕೊಂಡಾಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಒಳಗಿನಿಂದ ‘ಸುಳ್ಳು’ ಎಂಬ ಉತ್ತರ ತಕ್ಷಣ ಬರುತ್ತದೆ.

ಸ್ವೀಕಾರದ ದಾರಿ ಬೇರೆ. ಅದು ಯೋಚನೆಯೊಡನೆ ವಾದಕ್ಕೆ ಇಳಿಯುವುದಿಲ್ಲ, ಅದರಿಂದ ಒಂದು ಹೆಜ್ಜೆ ದೂರ ನಿಲ್ಲಲು ಕಲಿಸುತ್ತದೆ. ಅಂಥ ಮೆಸೇಜು ಕನ್ನಡದಲ್ಲಿ ಹೀಗಿರಬಹುದು: “ಈಗ ‘ನಾನು ಯಾವುದಕ್ಕೂ ಬಾರದವನು’ ಅನ್ನಿಸುತ್ತಿದೆಯೇ? ಆ ಮಾತಿನ ಕೊನೆಗೆ ‘ಎಂಬ ಯೋಚನೆ ನನಗೆ ಬರುತ್ತಿದೆ’ ಎಂದು ಸೇರಿಸಿ, ನಿಧಾನವಾಗಿ ಇನ್ನೊಮ್ಮೆ ಹೇಳಿಕೊಳ್ಳಿ.” ಹೇಳಿ ನೋಡಿ. ಮೊದಲನೆಯದು ತೀರ್ಪು. ಎರಡನೆಯದು ಬಂದು ಹೋಗುವ ಒಂದು ಯೋಚನೆ. ಮರುದಿನದ ಮೆಸೇಜು ಬದ್ಧತೆಯ ಕಡೆಗೆ ತಿರುಗಬಹುದು: “ನಿಮಗೆ ಮುಖ್ಯವಾದ ಒಬ್ಬರಿಗಾಗಿ ಇವತ್ತು ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು?”

ಸ್ವ-ಕಳಂಕಕ್ಕೆಂದೇ ರೂಪಿಸಿದ ಮೆಸೇಜುಗಳ ಅಧ್ಯಯನ ಇನ್ನೂ ಎಳೆಯದು. ಆದರೆ ಮೆಸೇಜಿನ ಶಕ್ತಿಗೆ ಬೇರೆಡೆ ಗಟ್ಟಿ ಪುರಾವೆಯಿದೆ. ಬ್ರಿಟನ್ನಿನಲ್ಲಿ ಧೂಮಪಾನ ಬಿಡಲು ಹೊರಟ 5,800 ಜನರ ಪ್ರಯೋಗದಲ್ಲಿ (2011), ಪ್ರೋತ್ಸಾಹದ ಮೆಸೇಜು ಪಡೆದವರಲ್ಲಿ ಆರು ತಿಂಗಳು ಬಿಟ್ಟೇ ಇದ್ದವರು ಶೇ 10.7, ಉಳಿದವರಲ್ಲಿ ಶೇ 4.9. ಕೆನ್ಯಾದಲ್ಲಿ ಎಚ್‌ಐವಿ ಚಿಕಿತ್ಸೆ ಪಡೆಯುತ್ತಿದ್ದ 538 ಜನರ ಪ್ರಯೋಗ (2010) ಇನ್ನೂ ಸರಳ. ವಾರಕ್ಕೊಮ್ಮೆ ಸ್ವಾಹಿಲಿಯಲ್ಲಿ ‘ಮಾಂಬೊ?’, ಅಂದರೆ ‘ಹೇಗಿದ್ದೀರಿ?’ ಎಂಬ ಒಂದೇ ಪದದ ಮೆಸೇಜು. ‘ಸಾವಾ’ ಎಂದು ಉತ್ತರಿಸಿದರೆ ಚೆನ್ನಾಗಿದ್ದಾರೆ. ‘ಶಿದಾ’ (ತೊಂದರೆಯಿದೆ) ಎಂದರೆ, ಅಥವಾ 48 ಗಂಟೆಯೊಳಗೆ ಉತ್ತರವೇ ಬಾರದಿದ್ದರೆ, ಆರೋಗ್ಯ ಸಿಬ್ಬಂದಿ ಫೋನ್ ಮಾಡುತ್ತಿದ್ದರು. ಮಾತ್ರೆಯ ಹೆಸರೆತ್ತದ ಈ ಮೆಸೇಜು ಪಡೆದವರಲ್ಲಿ ಶೇ 62 ಮಂದಿ ಔಷಧವನ್ನು ಸರಿಯಾಗಿ ತೆಗೆದುಕೊಂಡರು. ಉಳಿದವರಲ್ಲಿ ಶೇ 50.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ದಕ್ಷಿಣ ಭಾರತದ ಪ್ರಯೋಗ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರೂ ಸೇರಿ ನಡೆಸಿದ ಇದರಲ್ಲಿ 631 ಎಚ್‌ಐವಿ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ವಾರವಾರವೂ ಸ್ವಯಂಚಾಲಿತ ಕರೆ ಮತ್ತು ಚಿತ್ರಸಂದೇಶ ಹೋಗುತ್ತಿದ್ದವು. 2014ರಲ್ಲಿ ಹೊರಬಂದ ಫಲಿತಾಂಶದಲ್ಲಿ ಚಿಕಿತ್ಸೆ ವಿಫಲವಾಗುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡು ದೇಶಗಳ ಪರಿಸ್ಥಿತಿ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ನನಗೆ ಕಾಣುವ ಪಾಠ ಇದು: ಯಂತ್ರ ನೆನಪಿಸುವುದಕ್ಕಿಂತ, ಉತ್ತರ ಬಾರದಿದ್ದಾಗ ಒಬ್ಬ ಮನುಷ್ಯ ವಿಚಾರಿಸುತ್ತಾನೆ ಎಂಬ ಭರವಸೆ ದೊಡ್ಡದು. ತನ್ನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದು ನಂಬಿದವನಿಗಂತೂ ಅದೇ ಮದ್ದು.

ನಮ್ಮಲ್ಲಿ ಇದನ್ನು ಮಾಡುವಾಗ ಎಚ್ಚರ ಬೇಕು. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ, ಪರದೆಯ ಮೇಲೆ ಮೂಡಿದ ಒಂದು ಸಾಲು ಗುಟ್ಟನ್ನು ಬಯಲು ಮಾಡೀತು. ಆದ್ದರಿಂದ ಮೆಸೇಜಿನಲ್ಲಿ ವಸ್ತುವಿನ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಇರಕೂಡದು. ಯಾವ ಹೊತ್ತಿಗೆ ಬರಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಪಡೆಯುವವರೇ ನಿರ್ಧರಿಸಬೇಕು. ಓದಲು ಬಾರದವರಿಗೆ ದನಿಸಂದೇಶ ಬೇಕು. ಮೆಸೇಜು ಎಂದೂ ಓಪಿಯಾಯ್ಡ್ ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್‌ನಂಥ ಔಷಧದ, ವೈದ್ಯರ ಜಾಗ ತುಂಬುವುದಿಲ್ಲ. ಅವರವರೆಗೆ ಬರುವ ಧೈರ್ಯ ಕೊಡುವುದು ಅದರ ಕೆಲಸ.

ಕಾರ್ಯಕ್ರಮ ಬರುವ ತನಕ ಮನೆಯವರು ಕಾಯಬೇಕಿಲ್ಲ. ‘ಇವತ್ತೂ ತಗೊಂಡ್ಯಾ?’ ಎಂಬ ಮೆಸೇಜಿನ ಬದಲು ‘ಊಟ ಆಯ್ತಾ? ಸಾಯಂಕಾಲ ಫೋನ್ ಮಾಡ್ತೀನಿ’ ಎಂದು ಕಳಿಸಿ, ಹೇಳಿದಂತೆ ಫೋನ್ ಮಾಡಿ. ಮಾದಕ ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನ ಚಿಕಿತ್ಸೆಗೆ ಹೆಸರಾದ ನಿಮ್ಹಾನ್ಸ್ ನಮ್ಮಲ್ಲೇ ಇದೆ, ಮೊಬೈಲ್ ಹಳ್ಳಿಹಳ್ಳಿಗೂ ತಲುಪಿದೆ. ಚಿಕಿತ್ಸೆ ಮುಗಿಸಿ ಮನೆಗೆ ಹೊರಟ ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆ ಕನ್ನಡದಲ್ಲಿ ‘ಹೇಗಿದ್ದೀರಿ?’ ಎಂದು ಕೇಳುವ, ಉತ್ತರ ಬಾರದಿದ್ದರೆ ಫೋನ್ ಮಾಡುವ ವ್ಯವಸ್ಥೆಯನ್ನು ನಮ್ಮ ಆರೋಗ್ಯ ಇಲಾಖೆ ಕಟ್ಟಬೇಕು. ಅದರ ಖರ್ಚು ಅಲ್ಪ. ಕಳೆದುಕೊಳ್ಳುತ್ತಿರುವ ಜೀವಗಳ ಬೆಲೆ ಹಾಗಲ್ಲ.