ಬುತ್ತಿ ಕಟ್ಟಿಕೊಂಡ ಕ್ರಮವಿಧಿ

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವು ವಾಚಕರಲ್ಲಿ ಬಹುಮಂದಿಗೆ ಪರಿಚಿತವಾದುದೇ. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿನಿಯೊಬ್ಬಳು 1 ಮೀಟರ್ ಉದ್ದದ ಲೋಲಕದ 20 ಆಂದೋಲನಗಳಿಗೆ 40.1 ಸೆಕೆಂಡು ಹಿಡಿಯಿತೆಂದು ಗುರುತಿಸಿ, ಆ ಸಂಖ್ಯೆಗಳನ್ನು ಗಣಕಕ್ಕೆ ಕೊಟ್ಟಳು. ನಾವೇ ಬರೆದಿರಿಸಿದ್ದ ಕ್ರಮವಿಧಿಯು 2.46 ಎಂದು ಉತ್ತರವಿತ್ತಿತು! 9.8ರ ಆಸುಪಾಸಿನಲ್ಲಿರಬೇಕಾದುದು ಅದರ ಕಾಲು ಭಾಗಕ್ಕೆ ಇಳಿದಿತ್ತು. ಮತ್ತೆರಡು ಸಲ ತೂಗಿಸಿದರೂ ಅದೇ ಗತಿ. ತನ್ನ ಕೈಯೇ ಸರಿಯಿಲ್ಲವೆಂದು ಬಗೆದು, ಅಳತೆಗಳ ಮೇಲೆ ಗೀಟು ಹೊಡೆದು, ಅವಳು ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದಳು. ನಾವು ಅದೇ ಗಣಕದಲ್ಲಿ ಅದೇ ಕ್ರಮವಿಧಿಯನ್ನು ನಡೆಸಿದೆವು. 9.82 ಬಂದಿತು.

"ಸಾರ್, ನೀವು ಬೇರೆ ಕಡೆಯಿಂದ ತೆರೆದಿರಿ" ಎಂದಳು. ಅವಳ ಮಾತು ದಿಟ. ಅವಳು ಪರದೆಯ ಮೇಲಿನ ಚಿಹ್ನೆಯನ್ನು ಒತ್ತಿದ್ದಳು. ನಾವು ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಆಜ್ಞೆಯನ್ನು ಬೆರಳಚ್ಚಿಸಿದ್ದೆವು. ಇಷ್ಟು ಮಾತ್ರದಿಂದ ಭೂಮಿಯ ಆಕರ್ಷಣೆ ಬದಲಾಗುವುದುಂಟೆ?

ನಮ್ಮ ಗಣಕದಲ್ಲಿರುವುದು ಯೂನಿಕ್ಸ್ ಸಂಪ್ರದಾಯದ ಲಿನಕ್ಸ್. ಇಲ್ಲಿ ಪ್ರತಿಯೊಂದು ಕ್ರಮವಿಧಿಯೂ ಇನ್ನೊಂದರಿಂದ ಹುಟ್ಟುತ್ತದೆ. ಹುಟ್ಟುವಾಗ ತಾಯಿಯಿಂದ ಒಂದು ಪಟ್ಟಿಯ ನಕಲನ್ನು ಪಡೆಯುತ್ತದೆ. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ರೂಢಿಗೆ ಬಂದ ಈ ಪಟ್ಟಿಗೆ ಪರಿಸರವೆಂದು ಹೆಸರು. ಬೇಕಾದ ಕಡತಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬುದೇ ಮೊದಲಾದ ಸಂಗತಿಗಳು ಅದರಲ್ಲಿರುತ್ತವೆ. ಮಗುವು ತನ್ನ ನಕಲನ್ನು ತಿದ್ದಿಕೊಳ್ಳಬಹುದು. ತಾಯಿಯ ಪಟ್ಟಿಗೆ ಅದರಿಂದ ಏನೂ ಆಗದು.

ಟರ್ಮಿನಲ್ಲಿನಲ್ಲಿರುವ ಬ್ಯಾಷ್ ಎಂಬುದು ಏಳುವಾಗ 'ಬ್ಯಾಷ್‌ಆರ್‌ಸಿ' ಎಂಬ ಕಡತವನ್ನು ಓದುತ್ತದೆ. ನಮ್ಮ ಹೊಸ ಗಣಿತಭಾಗವಿದ್ದ ಕೋಶದ ವಿಳಾಸವನ್ನು 'ಪೈಥಾನ್‌ಪಾತ್' ಎಂಬ ಹೆಸರಿನಲ್ಲಿ ನಾವು ಬರೆದಿದ್ದುದು ಅಲ್ಲಿಯೇ. ಚಿಹ್ನೆಯನ್ನು ಒತ್ತಿದಾಗಲಾದರೋ ಆ ಕಡತವನ್ನು ಯಾರೂ ಓದುವುದಿಲ್ಲ. ವಿಳಾಸ ದೊರೆಯದ ಪೈಥಾನ್ ತನ್ನ ಸಾಮಾನ್ಯ ಉಗ್ರಾಣಕ್ಕೆ ಹೋಗಿ, ಹಿಂದಿನ ವರ್ಷ ನಾವು ಮರೆತುಬಿಟ್ಟಿದ್ದ ಹಳೆಯ ನಕಲನ್ನು ಎತ್ತಿಕೊಂಡಿತು. ಆಗ ನಾವು 10 ಆಂದೋಲನಗಳನ್ನು ಮಾತ್ರ ಎಣಿಸುತ್ತಿದ್ದೆವು. ಕಾಲವನ್ನು 20ರ ಬದಲು 10ರಿಂದ ಭಾಗಿಸಿದರೆ ಆವರ್ತಕಾಲವು ಇಮ್ಮಡಿಯಾಗುತ್ತದೆ. ಉತ್ತರವು ಅದರ ವರ್ಗಕ್ಕೆ ವಿಲೋಮವಾಗಿರುವುದರಿಂದ ನಾಲ್ಕನೆಯ ಒಂದಾಗುತ್ತದೆ. ಕ್ರಮವಿಧಿಯು ಓಡದೆ ನಿಂತಿದ್ದರೆ ಎಷ್ಟೋ ವಾಸಿಯಾಗಿತ್ತು!

ಹಳೆಯ ನಕಲನ್ನು ಅಳಿಸಿದರೆ ಸಾಲದೆ? ಆ ಒಂದು ಗಣಕಕ್ಕೆ ಸಾಕು. ಉಳಿದವುಗಳಲ್ಲಿ ಏನೇನು ಅವಿತಿದೆಯೋ! ಆದುದರಿಂದ ಕ್ರಮವಿಧಿಯು ಪರವೂರಿಗೆ ಹೊರಟವನಂತೆ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಹೋಗುವುದು ಲೇಸು. ಲಿನಕ್ಸಿನಲ್ಲಿ ಇದಕ್ಕೆ ಆಪ್‌ಇಮೇಜ್ ಎಂಬ ಏರ್ಪಾಡುಂಟು. ಸ್ಕ್ರಿಪ್ಟು, ಅದನ್ನು ಓದುವ ಪೈಥಾನ್, ಬೇಕಾದ ಭಂಡಾರಗಳು, ಎಲ್ಲವೂ ಒಂದೇ ಕಡತದೊಳಗೆ ಅಡಗಿರುತ್ತವೆ. ತೆರೆದೊಡನೆ ಒಳಗಿನ 'ಆಪ್‌ರನ್' ಎಂಬ ಪುಟ್ಟ ಸ್ಕ್ರಿಪ್ಟು ಮೊದಲು ಎದ್ದು, ತಾನು ಎಲ್ಲಿರುವೆನೆಂದು ತಿಳಿದುಕೊಂಡು, ಆ ಸ್ಥಳದಿಂದ ಅಳೆದು ಉಳಿದ ವಿಳಾಸಗಳನ್ನು ಪಟ್ಟಿಯಲ್ಲಿ ಬರೆಯುತ್ತದೆ. ಆಮೇಲೆ ಮುಖ್ಯ ಕ್ರಮವಿಧಿಯನ್ನು ಎಬ್ಬಿಸುತ್ತದೆ. ಮ್ಯಾಕ್ ಗಣಕಗಳಲ್ಲಿ ಇಂಥ ಪಟ್ಟಿಯನ್ನು ಅನ್ವಯದ ಕೋಶದಲ್ಲಿರುವ ವಿವರಕಡತದಲ್ಲಿಯೇ ಬರೆಯಬಹುದು. ವಿನೋದವೆಂದರೆ, ಅಲ್ಲಿ ಅದು ಚಿಹ್ನೆಯನ್ನು ಒತ್ತಿದಾಗ ಮಾತ್ರ ಸಲ್ಲುತ್ತದೆ. ಟರ್ಮಿನಲ್ಲಿನಿಂದ ನೇರವಾಗಿ ಓಡಿಸಿದರೆ ಸಲ್ಲದು. ನಮ್ಮ ಸಂಕಟ ತಲೆಕೆಳಗಾಗಿ ನಿಂತಂತೆ!

ದೊಡ್ಡ ತಂತ್ರಾಂಶಗಳೂ ಇದೇ ಹಾದಿ ಹಿಡಿದಿವೆ. ಮೂರು ಆಯಾಮದ ಚಿತ್ರಗಳನ್ನು ರಚಿಸುವ ಬ್ಲೆಂಡರ್ ತನ್ನದೇ ಪೈಥಾನನ್ನು ಹೊತ್ತು ಬರುತ್ತದೆ. 1993ರಲ್ಲಿ ಬ್ರೆಜಿಲಿನ ರಿಯೋ ಡಿ ಜನೈರೋದಲ್ಲಿ ಹುಟ್ಟಿದ ಲುವಾ ಭಾಷೆಯಂತೂ ಇತರ ತಂತ್ರಾಂಶಗಳ ಒಡಲಲ್ಲಿ ವಾಸಿಸಲೆಂದೇ ರೂಪುಗೊಂಡದ್ದು. ಅಡೋಬಿಯ ಲೈಟ್‌ರೂಮಿನೊಳಗೂ ಅದಿದೆ.

ಬುತ್ತಿಗೆ ಏನನ್ನು ಹಾಕಬಾರದೆಂಬುದನ್ನೂ ಹೇಳಬೇಕು. ಗುಪ್ತಪದಗಳನ್ನು ಎಂದಿಗೂ ಹಾಕತಕ್ಕದ್ದಲ್ಲ. ಗಂಟು ಬಿಚ್ಚಿ ನೋಡುವುದು ಯಾರಿಗೂ ಕಷ್ಟವಲ್ಲ. ಮತ್ತೊಂದು ತೊಡಕು ಸೂಕ್ಷ್ಮವಾದುದು. ನಮ್ಮ ಕ್ರಮವಿಧಿಯು ಹೊರಗಿನ ಇನ್ನೊಂದನ್ನು, ಬ್ರೌಸರನ್ನೆನ್ನಿ, ಎಬ್ಬಿಸಿದರೆ ನಮ್ಮ ಪಟ್ಟಿಯೇ ಅದಕ್ಕೂ ಇಳಿಯುತ್ತದೆ. ಆಗ ಅದು ತನ್ನ ಭಂಡಾರವನ್ನು ಬಿಟ್ಟು ನಮ್ಮದಕ್ಕೆ ಕೈಹಾಕಿ ಮುಗ್ಗರಿಸೀತು. ಹಾಗೆ ಎಬ್ಬಿಸುವ ಮುನ್ನ ಪಟ್ಟಿಯನ್ನು ಮೊದಲಿದ್ದಂತೆ ಮಾಡಬೇಕು.

ಆ ಹುಡುಗಿಯ ಅಳತೆಗಳು ಗೀಟಿನ ಕೆಳಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ನಾವು ಅವುಗಳ ಪಕ್ಕದಲ್ಲಿ 9.82 ಎಂದು ಬರೆಸಿ, ಸಹಿ ಹಾಕಿಕೊಟ್ಟೆವು.