ನಾವು ಬರೆದದ್ದನ್ನು ಓದಲು ಯಾರ ಅಪ್ಪಣೆ?

ಇಪ್ಪತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಬೆರಳಚ್ಚು ಮಾಡಿಟ್ಟ ಕಡತವೊಂದನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಎಷ್ಟೋ ಸಲ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬೇರೆ ಬೇರೆ ತಂತ್ರಾಂಶಗಳು ನಮ್ಮ ಅಕ್ಷರಗಳಿಗೆ ತಮ್ಮತಮ್ಮದೇ ಸಂಕೇತ ಕೊಟ್ಟಿದ್ದವು. ಆ ಸಂಕೇತದ ಗುಟ್ಟು ತಯಾರಕರಲ್ಲೇ ಉಳಿದರೆ, ನಾವು ಬರೆದದ್ದನ್ನು ಓದಲು ನಾವೇ ಅವರ ಬಾಗಿಲು ತಟ್ಟಬೇಕು!

ಕಿನ್ನಿಕಂಬಳದ ಕೆ.ಪಿ. ರಾವ್ ಅವರ ದಾರಿ ಬೇರೆ. ತಾವು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಅವರು ತಮ್ಮ ಸ್ವತ್ತೆಂದು ಕಟ್ಟಿಹಾಕಲಿಲ್ಲ. ಹಾಗಾಗಿಯೇ ಅದು 'ನುಡಿ'ಗೂ ತಳಹದಿಯಾಯಿತು, ಲಿನಕ್ಸ್‌ನಲ್ಲೂ ಸೇರಿಕೊಂಡಿತು.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಪ್ರಕಟಿಸಿದ್ದು ಇದೇ ಕಾಳಜಿಯಿಂದ. ತಂತ್ರಾಂಶವನ್ನು ಬೇಕಾದಂತೆ ಬಳಸುವ, ಅದರ ಒಳಗನ್ನು ಓದುವ, ತಿದ್ದುವ, ಇತರರಿಗೆ ಹಂಚುವ ಹಕ್ಕು ಬಳಕೆದಾರನಿಗಿರಬೇಕು. ಪುಕ್ಕಟೆಯೋ ದುಡ್ಡಿಗೋ ಎಂಬುದು ಆಮೇಲಿನ ಮಾತು. (ಕದ್ದ ಪ್ರತಿ ಪುಕ್ಕಟೆ ಸಿಕ್ಕರೂ ಅದರಲ್ಲಿ ಈ ಹಕ್ಕು ಒಂದೂ ಇಲ್ಲ.)

ನಮ್ಮ ಪೊನ್ನಂಪೇಟೆಯಿಂದ ಹೊರಟು ಕುಟ್ಟ ದಾಟಿದರೆ ವಯನಾಡು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು, ಕಾಸರಗೋಡಿನ ಕನ್ನಡ ಮಾಧ್ಯಮದವರೂ ಸೇರಿ, ಕಂಪ್ಯೂಟರ್ ಕಲಿಯುವುದು ಸ್ವತಂತ್ರ ತಂತ್ರಾಂಶದಲ್ಲೇ. ಶಾಲೆಯದೇ ಪ್ರತಿಯನ್ನು ಮನೆಗೂ ಒಯ್ಯಬಹುದು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ವಿಂಡೋಸ್ 11 ಹೊಂದುವುದಿಲ್ಲ. ಪೋಷಕರೇ, ಗುಜರಿಗೆ ಹಾಕುವ ಮುನ್ನ ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ನೋಡಿ. ಹಿಡಿಸದಿದ್ದರೆ ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿ, ಹಳೆಯದೇ ಬರುತ್ತದೆ.